ಜೋಯಿಸರ ಮನೆಯ ಉಪ್ಪುನೀರಿನ ತೊಟ್ಟಿ

ಮೀನಿನ ಕೆಲಸ ಬಿಟ್ಟು ಮೂರು ವರ್ಷವಾಯಿತು. ಕೈ ನಡುಗುತ್ತದೆ, ಗಾಜು ಎತ್ತಲಾಗುವುದಿಲ್ಲ. ಆದರೂ ಆಗಾಗ ಯಾರಾದರೊಬ್ಬ ಬಂದು ‘ಅಣ್ಣಾ, ಸಮುದ್ರದ ಮೀನಿನ ಲೈನಿಗೆ ಇಳೀತಾ ಇದೀನಿ, ಏನಾದ್ರೂ ಹೇಳಿ’ ಅನ್ನುತ್ತಾನೆ. ಅವನ ಚೀಲದಲ್ಲಿ ನಾನು ಹೆಸರೂ ಕೇಳದ ಯಂತ್ರಗಳು, ಬಾಟಲಿಗಳು. ನೀರಿನಲ್ಲಿ ಏನಿದೆ, ಏನಿಲ್ಲ ಎಂದು ಎರಡು ನಿಮಿಷದಲ್ಲಿ ಹೇಳುತ್ತವಂತೆ. ಒಳ್ಳೆಯದಾಯಿತು. ಯಂತ್ರ ಹೇಳದ ನಾಲ್ಕು ಮಾತು ನನ್ನ ಹತ್ತಿರ ಉಳಿದಿವೆ, ಅವನ್ನು ಬರೆದಿಡುತ್ತೇನೆ. ಬೇಕಾದವರು ಓದಿಕೊಳ್ಳಲಿ.

ನಾನು ಕಟ್ಟಾಯದ ಕಡೆಯವನು. ನಮ್ಮದು ಆಲೂಗಡ್ಡೆ ಬೆಳೆಯುವ ಮನೆ. ತೊಂಬತ್ತರ ದಶಕದ ಆರಂಭದಲ್ಲಿ ಹಾಸನಕ್ಕೆ ಬಂದು ಗಾಜಿನ ಅಂಗಡಿಯೊಂದರಲ್ಲಿ ದೇವರ ಪಟಕ್ಕೆ ಕಟ್ಟು ಹಾಕುವ ಕೆಲಸಕ್ಕೆ ಸೇರಿದೆ. ಯಾರೋ ಕೇಳಿದರೆಂದು ನಮ್ಮ ಯಜಮಾನರು ಉಳಿದ ಗಾಜಿನಲ್ಲಿ ಮೀನಿನ ತೊಟ್ಟಿ ಮಾಡಿಕೊಟ್ಟರು. ಆಮೇಲೆ ತೊಟ್ಟಿಯ ಜೊತೆಗೆ ಮೀನನ್ನೂ ಇಟ್ಟರು. ಒಂದು ಸಲ ಮದರಾಸಿಗೆ ಹೋಗಿದ್ದವರು ಯಾರದೋ ಮನೆಯಲ್ಲಿ ಕಡಲಿನ ಮೀನು ನೋಡಿ ಬಂದರು, ಅಲ್ಲಿಗೆ ಮುಗಿಯಿತು. ದೇವರ ಪಟಗಳೆಲ್ಲ ಅಟ್ಟ ಸೇರಿದವು.

ಹಾಸನದಲ್ಲಿ ಕೂತು ಕಡಲಿನ ಮೀನು ಸಾಕುತ್ತೇವೆ ಅಂದರೆ ಜನ ನಗುತ್ತಿದ್ದರು. ಮೊದಮೊದಲು ನೀರನ್ನೇ ಮಂಗಳೂರಿನಿಂದ ಲಾರಿಯಲ್ಲಿ ಕ್ಯಾನುಗಟ್ಟಲೆ ತರಿಸಿದೆವು. ಮುಂದೆ ಉಪ್ಪಿನ ಪೊಟ್ಟಣ ಬಂತು. ಉಪ್ಪೇನೋ ಬಂತು, ಅದನ್ನು ಎಷ್ಟು ಹಾಕಬೇಕೆಂದು ಅಳೆಯುವ ಸಾಧನ ನಮ್ಮಲ್ಲಿರಲಿಲ್ಲ. ಯಜಮಾನರ ಭಾವಮೈದುನ ಶಾಂತಿಗ್ರಾಮದ ಕಡೆ ಹಾಲಿನ ಡೈರಿಯಲ್ಲಿದ್ದ. ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ನೋಡುವ ಗಾಜಿನ ಕಡ್ಡಿ, ಲ್ಯಾಕ್ಟೋಮೀಟರ್, ಅವನ ಹತ್ತಿರ ಹಳೆಯದೊಂದಿತ್ತು. ಅದನ್ನು ತಂದು ಮಂಗಳೂರಿನ ನೀರಿನಲ್ಲಿ ಬಿಟ್ಟರೆ ಇಪ್ಪತ್ತನಾಲ್ಕರ ಗೆರೆಗೆ ಸರಿಯಾಗಿ ನಿಂತಿತು. ಅವತ್ತಿನಿಂದ ನಮಗೆ ಕಡಲೆಂದರೆ ಇಪ್ಪತ್ತನಾಲ್ಕು. ಎಷ್ಟೋ ವರ್ಷ ಅದೇ ಕಡ್ಡಿಯಲ್ಲಿ ಜಿಲ್ಲೆಯ ಉಪ್ಪುನೀರನ್ನೆಲ್ಲ ಅಳೆದೆವು. ಈಗಿನವರಿಗೆ ಹೇಳಿದರೆ ನಗುತ್ತಾರೆ, ನಗಲಿ.

ಮೀನು ಬೆಂಗಳೂರಿನಿಂದ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಬರುತ್ತಿತ್ತು. ಹಿರೀಸಾವೆಯಲ್ಲಿ ಬಸ್ಸು ತಿಂಡಿಗೆ ನಿಂತರೆ ಎಲ್ಲರೂ ಇಳಿದು ಹೋಗುತ್ತಿದ್ದರು. ಪೆಟ್ಟಿಗೆಗೆ ಬಿಸಿಲು ಬೀಳಬಾರದೆಂದು ನಾನು ಟವೆಲು ಹಿಡಿದು ಅಲ್ಲೇ ಕೂರುತ್ತಿದ್ದೆ. ಒಂದು ಸಲ ಪಕ್ಕದ ಸೀಟಿನ ಹೆಂಗಸು ಕೇಳಿದಳು.

“ಏನಣ್ಣಾ ಬಾಕ್ಸಲ್ಲಿ?”

“ಮೀನು ಕಣಮ್ಮ.”

“ಸಾರಿಗಾ?”

“ಊಂ ಊಂ, ನೋಡಕ್ಕೆ.”

“ನೋಡಕ್ಕಾ! ನೋಡ್ಬುಟ್ಟು ಏನ್ ಮಾಡ್ತೀರಿ?”

ನಾನು ಟವೆಲನ್ನು ಬಿಸಿಲಿನ ಕಡೆಗೆ ಎಳೆದುಕೊಂಡೆ.

ಯಜಮಾನರದ್ದು ಒಂದು ಹಟವಿತ್ತು. ಹೊಸದಾಗಿ ಉಪ್ಪುನೀರಿನ ತೊಟ್ಟಿ ಕೊಂಡವರಿಗೆ ಒಂದು ತಿಂಗಳು ಮೀನು ಮಾರುತ್ತಿರಲಿಲ್ಲ. ‘ಮೊದ್ಲು ಬರೀ ನೀರು ಸಾಕ್ಕಳಿ ಸಾ. ನೀರು ಸಾಕಕ್ಕೆ ಬಂದ್ರೆ ಮೀನು ಸಾಕಕ್ಕೆ ಬತ್ತದೆ’ ಅನ್ನುತ್ತಿದ್ದರು. ಅರಕಲಗೂಡಿನ ರೈಸ್ ಮಿಲ್ ಸಾಹುಕಾರರೊಬ್ಬರು ಈ ಮಾತು ಕೇಳಿ ಹದಿನೈದು ದಿನ ತಡೆದರು. ಊರಿನವರು ಬಂದು ‘ಮೀನು ತೋರುಸ್ತೀನಿ ಅಂತ ಕರ್ದು ನೀರು ತೋರುಸ್ತೀಯಲ್ಲಪ್ಪಾ’ ಎಂದು ಕಾಡಿದ್ದಕ್ಕೆ ಸಾಹುಕಾರರಿಗೆ ರೇಗಿತು. ನಮಗೆ ಹೇಳದೆ ಬೆಂಗಳೂರಿಗೆ ಹೋಗಿ ಐದು ಸಣ್ಣ ಮೀನು, ಒಂದು ಲಯನ್ ಫಿಶ್ ತಂದು ಬಿಟ್ಟರು. ಲಯನ್ ಫಿಶ್ ಎಂದರೆ ಮೈತುಂಬ ಗರಿ ಹರಡಿಕೊಂಡು ಮೆಲ್ಲಗೆ ತೇಲುವ ಮೀನು, ನೋಡಲು ಬಲು ಸಾಧು. ವಾರದೊಳಗೆ ನನಗೆ ಅವರ ಫೋನು ಬಂತು.

“ಲೋ ಮಂಜ, ಯಾವನೋ ಕಳ್ಳ ಮೀನು ಕದ್ಕಂಡೋಯ್ತಾವ್ನೆ ಕಣ್ಲಾ. ದಿನಕ್ಕೊಂದು!”

ಹೋಗಿ ನೋಡಿದರೆ ಲಯನ್ ಫಿಶ್ ಹೊಟ್ಟೆ ಉಬ್ಬಿಸಿಕೊಂಡು ಒಬ್ಬನೇ ಇದ್ದಾನೆ. “ಕಳ್ಳ ಒಳ್ಗೇ ಅವ್ನೆ ಸಾ” ಅಂದೆ. ಸಾಹುಕಾರರು ನನ್ನ ಮೇಲೆ ಒಂದು ತಿಂಗಳು ಮುನಿಸಿಕೊಂಡಿದ್ದರು.

ಬಾಯೊಳಗೆ ಹಿಡಿಸುವುದನ್ನೆಲ್ಲ ಮೀನು ತಿನ್ನುತ್ತದೆ. ಹೊಸಬರಿಗೆ ಇದನ್ನು ಹೇಳಿಕೊಡುವುದು ಸುಲಭ. ತಿನ್ನದ ಮೀನಿನ ಕಷ್ಟ ಬೇರೆ. ಎರಡೂ ಒಂದೇ ಅಳತೆ, ಎರಡೂ ಒಳ್ಳೆಯವು, ಆದರೂ ಒಂದಿದ್ದ ಕಡೆ ಇನ್ನೊಂದು ಬಾಳುವುದಿಲ್ಲ. ಅದನ್ನು ನಾನು ಕಲಿತದ್ದು ಹೊಳೆನರಸೀಪುರದಲ್ಲಿ, ತಪ್ಪು ಮಾಡಿ.

ಅಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಜೋಯಿಸರ ಮನೆ. ಮದುವೆಗೆ ಜಾತಕ ಕೂಡಿಸುವುದರಲ್ಲಿ ಸುತ್ತಿನ ಊರುಗಳಲ್ಲಿ ಅವರ ಮಾತಿಗೆ ಎದುರಿರಲಿಲ್ಲ. ಹೆಂಡತಿ ತೀರಿಕೊಂಡಿದ್ದರು. ಮನೆಯಲ್ಲಿ ಅವರ ತಾಯಿ, ನಾವೆಲ್ಲ ಅಜ್ಜಿ ಅನ್ನುತ್ತಿದ್ದವರು, ಮತ್ತು ಒಬ್ಬಳೇ ಮಗಳು ಸುಮಿತ್ರ. ಆಕೆಯನ್ನು ಚನ್ನರಾಯಪಟ್ಟಣಕ್ಕೆ ಮದುವೆ ಮಾಡಿಕೊಟ್ಟಿದ್ದರು. ಜಾತಕ ನೋಡಿದವರೂ ಜೋಯಿಸರೇ, ಮೂವತ್ತಾರಕ್ಕೆ ಮೂವತ್ತೆರಡು ಗುಣ ಕೂಡಿತ್ತಂತೆ. ಹತ್ತು ತಿಂಗಳ ಮೇಲೆ ಹಬ್ಬಕ್ಕೆಂದು ತೌರಿಗೆ ಬಂದ ಸುಮಿತ್ರ ಮತ್ತೆ ಹೋಗಲಿಲ್ಲ. ಕೇಳಿದರೆ ‘ನನಗೆ ಅಲ್ಲಿ ಆಗಲ್ಲ’ ಎನ್ನುವುದೊಂದೇ ಮಾತು. ಹಾಸನದ ಒಂದು ಆಸ್ಪತ್ರೆಯಲ್ಲಿ ನಾವಿಟ್ಟಿದ್ದ ತೊಟ್ಟಿಯ ಮುಂದೆ ಆಕೆ ಅರ್ಧ ಗಂಟೆ ನಿಂತಿದ್ದಳಂತೆ. ತೌರಿಗೆ ಬಂದ ಮೇಲೆ ಆಕೆ ಏನನ್ನಾದರೂ ನಿಂತು ನೋಡಿದ್ದು ಅದೇ ಮೊದಲೆಂದು ಜೋಯಿಸರು ಅಂಗಡಿ ಹುಡುಕಿಕೊಂಡು ಬಂದರು. ಇದೆಲ್ಲ ನನಗೆ ಅಜ್ಜಿ ಹೇಳಿದ್ದು.

ತೊಟ್ಟಿಯನ್ನು ಮುಂಗೋಣೆಯಲ್ಲಿಟ್ಟೆವು, ಜನ ಜಾತಕ ತಂದು ಕೂರುವ ಜಾಗದಲ್ಲಿ. ಒಳಗಿಡುವ ಹಾಗಿರಲಿಲ್ಲ, ಮೀನಿಗೆ ನಾನು ಹದಿನೈದು ದಿನಕ್ಕೊಮ್ಮೆ ಸೀಗಡಿ ತರಬೇಕಲ್ಲ. ಸೀಗಡಿಯ ಡಬ್ಬಿ ಒಳಮನೆಯ ಹೊಸಿಲು ದಾಟುವಂತಿಲ್ಲ, ಹಾಕಿದ ಮೇಲೆ ಕೈ ಬೀದಿ ನಲ್ಲಿಯಲ್ಲೇ ತೊಳೆಯಬೇಕು. ಮಿಕ್ಕ ದಿನ ಸುಮಿತ್ರ ಒಣ ಕಾಳು ಹಾಕುತ್ತಿದ್ದಳು. ಅದು ಪಾಚಿಯಿಂದ ಮಾಡಿದ್ದೆಂದು ಅಜ್ಜಿಗೆ ಹೇಳಿದ್ದೆವು. ಅರ್ಧ ನಿಜ. ನೀರು ಬದಲಿಸುವಾಗ ಪೈಪಿನ ತುದಿಯಿಂದ ನೀರನ್ನು ಬಾಯಲ್ಲಿ ಎಳೆಯುವುದು ನಮ್ಮ ರೂಢಿ. ಅಜ್ಜಿ ‘ಎಂಜಲು, ಎಂಜಲು’ ಎಂದು ಕೂಗಿದ್ದಕ್ಕೆ ಪೈಪಿನ ತುಂಬ ನೀರು ತುಂಬಿ, ಎರಡು ತುದಿಗೂ ಹೆಬ್ಬೆರಳು ಒತ್ತಿ, ಒಂದನ್ನು ತೊಟ್ಟಿಯೊಳಗೂ ಇನ್ನೊಂದನ್ನು ಅಂಗಳಕ್ಕೂ ಬಿಡುವುದನ್ನು ಕಲಿತೆ. ಅಜ್ಜಿ ಪಕ್ಕದಲ್ಲೇ ನಿಂತು ಪ್ರತಿ ಸಲವೂ ನೋಡುತ್ತಿದ್ದರು.

ಆಗೆಲ್ಲ ಬರೀ ನೀರಿನ ತಿಂಗಳು ಮುಗಿದ ಮೇಲೆ, ನೀರು ಹದವಾಗಿದೆಯೇ ನೋಡಲು ಮೊದಲು ಒಂದು ಡ್ಯಾಮ್ಸೆಲ್ ಬಿಡುತ್ತಿದ್ದೆವು. ಹೆಬ್ಬೆರಳಷ್ಟು ನೀಲಿ ಮೀನು, ಗಟ್ಟಿ ಜೀವ. ಅದು ಬದುಕಿದರೆ ಉಳಿದವನ್ನು ಬಿಡುವುದು. ಈಗ ಯಾರೂ ಹಾಗೆ ಮಾಡುವುದಿಲ್ಲ, ಮಾಡಲೂಬಾರದು. ಜೋಯಿಸರ ಮನೆಯಲ್ಲೂ ಅದನ್ನೇ ಮಾಡಿದೆ. ಇನ್ನೊಂದು ತಿಂಗಳ ಮೇಲೆ ಎರಡು ಕಿತ್ತಳೆ ಬಣ್ಣದ ಕ್ಲೌನ್ ಮೀನಿನ ಮರಿ ತಂದೆ.

“ಏನಯ್ಯಾ ಮಂಜ, ಇವಕ್ಕೂ ಅದಕ್ಕೂ ಕೂಡಿ ಬರತ್ತೇನಯ್ಯಾ?” ಎಂದು ಜೋಯಿಸರು ಕೇಳಿದರು.

“ಬತ್ತದೆ ಸ್ವಾಮಿ. ಪುಸ್ತಕದಲ್ಲೇ ಬರ್ದವ್ರೆ.”

ಕೂಡಿ ಬರಲಿಲ್ಲ. ತೊಟ್ಟಿಯ ಒಂದೊಂದು ಕಲ್ಲನ್ನೂ, ಒಂದೊಂದು ಸಂದನ್ನೂ ಡ್ಯಾಮ್ಸೆಲ್ ಆಗಲೇ ತನ್ನದು ಮಾಡಿಕೊಂಡಿತ್ತು. ಕ್ಲೌನ್‌ಗಳು ಎಲ್ಲಿ ನಿಂತರೂ ಓಡಿಸಿಕೊಂಡು ಬರುತ್ತಿತ್ತು. ಕಚ್ಚಿ ಕೊಲ್ಲುತ್ತಿರಲಿಲ್ಲ, ನಿಲ್ಲಗೊಡುತ್ತಿರಲಿಲ್ಲ, ಅಷ್ಟೇ. ಪಾಪ ಅವೆರಡೂ ಮೇಲಿನ ಮೂಲೆಯಲ್ಲಿ ಪಂಪಿನ ಪೈಪಿಗೆ ಅಂಟಿಕೊಂಡು ದಿನ ಕಳೆಯುತ್ತಿದ್ದವು. ನಾನು ಹೋದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದೆ.

“ಒಸಿ ದಿವ್ಸ ಬುಡಿ ಸುಮಿತ್ರಮ್ಮ, ಒಂದ್ಕತವೆ.”

ಹೊಂದಿಕೊಳ್ಳುತ್ತವೆ ಎಂದು ಮೂರನೆಯ ಸಲ ಅಂದಾಗ ಆಕೆ ಗಾಜು ಒರೆಸುತ್ತಿದ್ದವಳು ನಿಲ್ಲಿಸಿದಳು. “ನೀವೂ ಅದನ್ನೇ ಹೇಳ್ತೀರಲ್ಲ ಮಂಜಣ್ಣ. ಆ ಮನೇಲಿ ನನ್ನ ಟ್ರಂಕು ಇಡೋಕೆ ಜಾಗ ಸಿಗಲಿಲ್ಲ. ಹತ್ತು ತಿಂಗಳೂ ಮೆಟ್ಟಿಲ ಕೆಳಗಿತ್ತು. ಅತ್ತೆಗೊಂದು ಬೀರು, ವಾರಗಿತ್ತಿಯರಿಗೆ ಒಂದೊಂದು. ಒಲೆ ಮುಂದೆ ನಿಂತರೆ ‘ನಾನು ಮಾಡ್ತೀನಿ ಬಿಡು’ ಅಂತಾರೆ, ಡಬ್ಬಿ ಮುಟ್ಟಿದರೆ ‘ಅದು ಅಲ್ಲಿರಲಿ’ ಅಂತಾರೆ. ಯಾರೂ ಹೊಡೀಲಿಲ್ಲ, ಯಾರೂ ಬೈಲಿಲ್ಲ. ಏನಂತ ಹೇಳಲಿ ಅಪ್ಪನಿಗೆ?”

ನಾನು ಬಕೆಟ್ಟು ತೊಳೆಯುವ ನೆಪದಲ್ಲಿ ಹೊರಗೆ ಬಂದೆ. ನನಗೆ ಆಗ ಮದುವೆಯಾಗಿ ಎಂಟು ವರ್ಷವಾಗಿತ್ತು. ನನ್ನ ಹೆಂಡತಿಯ ಟ್ರಂಕು ನಮ್ಮ ಮನೆಯಲ್ಲಿ ಎಲ್ಲಿದೆ ಎಂದು ನೆನಪು ಮಾಡಿಕೊಂಡೆ, ನೆನಪಾಗಲಿಲ್ಲ.

ಅಷ್ಟರಲ್ಲಿ ಚನ್ನರಾಯಪಟ್ಟಣದಿಂದ ಮಾತು ಬಂತು. ಸೂರ್ಯಗ್ರಹಣ ಕಳೆದ ಮಾರನೆಯ ದಿನ ಸುಮಿತ್ರಳ ಅತ್ತೆ ಮಗನನ್ನು ಕರೆದುಕೊಂಡು ಬರುತ್ತಾರೆ, ಸೊಸೆ ಬಂದರೆ ಸರಿ, ಇಲ್ಲದಿದ್ದರೆ ಇನ್ನು ಬರುವುದಿಲ್ಲ. ಜೋಯಿಸರು ಕುಗ್ಗಿಹೋದರು. ಜಾತಕ ತಂದವರು ಬೇರೆ ‘ಮಗಳು ಇನ್ನೂ ಇಲ್ಲೇ ಅವ್ರಾ ಸ್ವಾಮಿ?’ ಎಂದು ಕೇಳುತ್ತಿದ್ದರು. ಜೋಯಿಸರು ಮಗಳಿಗೆ ‘ಹೋಗಮ್ಮ, ಎಲ್ಲಾ ಕೂಡಿದೆ, ನಾನೇ ನೋಡಿದ್ದೀನಿ’ ಅನ್ನುವುದು, ಆಕೆ ತೊಟ್ಟಿಯ ಮುಂದೆ ಹೋಗಿ ಕೂರುವುದು, ನನ್ನ ಕಣ್ಣೆದುರೇ ಎರಡು ಸಲ ನಡೆಯಿತು.

ಗ್ರಹಣ ಬೆಳಿಗ್ಗೆ ಹಿಡಿದು ಮಧ್ಯಾಹ್ನದೊಳಗೆ ಬಿಟ್ಟಿತು. ನಮ್ಮ ಕಡೆ ಗ್ರಹಣದ ಹೊತ್ತಿನಲ್ಲಿ ತುಂಬಿಟ್ಟಿದ್ದ ನೀರನ್ನು ಯಾರೂ ಬಳಸುವುದಿಲ್ಲ. ಗ್ರಹಣ ಬಿಟ್ಟ ಮೇಲೆ ಹಂಡೆ, ಕೊಡ, ತಂಬಿಗೆ ಎಲ್ಲ ಚೆಲ್ಲಿ ಹೊಸ ನೀರು ತುಂಬುತ್ತೇವೆ. ಅಪ್ಪ ಮಗಳು ಹೊಳೆಗೆ ಸ್ನಾನಕ್ಕೆ ಹೋಗಿದ್ದರು. ಅಜ್ಜಿ ಮನೆಯ ನೀರನ್ನೆಲ್ಲ ಚೆಲ್ಲಿದರು. ಚೆಲ್ಲಿ, ಮುಂಗೋಣೆಯಲ್ಲಿ ಇಷ್ಟೊಂದು ನೀರು ಉಳಿದಿದೆಯಲ್ಲ ಎಂದು ನೋಡಿದರು. ಪೈಪು ಅಲ್ಲೇ ಮೊಳೆಗೆ ನೇತು ಹಾಕಿತ್ತು. ತುಂಬ ನೀರು ತುಂಬಿ, ಎರಡು ತುದಿಗೂ ಹೆಬ್ಬೆರಳು ಒತ್ತಿ, ನಾನು ಮಾಡುತ್ತಿದ್ದ ಹಾಗೆಯೇ ಮಾಡಿದರು. ಮುಕ್ಕಾಲು ತೊಟ್ಟಿ ಖಾಲಿಯಾದ ಮೇಲೆ ಬಾವಿಯಿಂದ ಸೇದಿದ ಹೊಸ ನೀರನ್ನು ಒಂದೊಂದೇ ಕೊಡ ತಂದು ಸುರಿದರು. ಮೇಲೆ ಎರಡು ದಳ ತುಳಸಿ.

ಅಂಗಡಿಗೆ ಫೋನು ಬಂದಾಗ ಸುಮಿತ್ರಳ ದನಿ ಗುರುತೇ ಸಿಗಲಿಲ್ಲ. ನಾನೂ ಯಜಮಾನರೂ ಉಪ್ಪಿನ ಪೊಟ್ಟಣ, ಎರಡು ಕ್ಯಾನು ಉಪ್ಪುನೀರು ಹೊತ್ತು ಮುಂದಿನ ಬಸ್ಸು ಹತ್ತಿದೆವು. ಹೋಗಿ ನೋಡಿದರೆ ಡ್ಯಾಮ್ಸೆಲ್ ಓರೆಯಾಗಿ ತೇಲುತ್ತಿದೆ, ಕ್ಲೌನ್‌ಗಳು ತಳಕ್ಕೆ ಬಿದ್ದು ಬಾಯಿ ಬಿಡುತ್ತಿವೆ. ಲ್ಯಾಕ್ಟೋಮೀಟರ್ ಬಿಟ್ಟರೆ ಕಡ್ಡಿ ತಲೆಯವರೆಗೂ ಮುಳುಗಿತು. ಅಜ್ಜಿ ಗೋಡೆಗೆ ಒರಗಿ ಅಳುತ್ತಿದ್ದರು.

“ಗ್ರಹಣ ಹಿಡಿದ ನೀರಲ್ಲಿ ಆ ಮೂಕಪ್ರಾಣಿಗಳನ್ನ ಹೇಗೋ ಬಿಡೋದು? ನಮಗೊಂದು ನ್ಯಾಯ, ಅವಕ್ಕೊಂದು ನ್ಯಾಯವೇ?”

ಯಾರ ಮೇಲೆ ಕೋಪ ಮಾಡಿಕೊಳ್ಳುವುದು? ನಾನು ಪೊಟ್ಟಣ ಹರಿದು ಉಪ್ಪನ್ನು ತೊಟ್ಟಿಗೆ ಸುರಿಯಲು ಹೋದೆ. ಯಜಮಾನರು ಮುಂಗೈ ಹಿಡಿದರು.

“ಲೇ, ಸಾಯ್ಸಿಬುಡ್ತೀಯ! ಉಪ್ಪು ಇಳುದ್ರೆ ತಡ್ಕತವೆ, ಒಂದೇ ಸಲ ಏರ್ಸುದ್ರೆ ತಡ್ಕಳಲ್ಲ ಕಣ್ಲಾ. ಒಟ್ಟು ಐದು ದಿವ್ಸ ಬೇಕು. ದಿನಕ್ಕೆ ಒಸಿ ಒಸಿ.”

ಇಷ್ಟು ವರ್ಷ ಕೆಲಸ ಮಾಡಿ ನನಗೆ ಆ ಹೊತ್ತಿಗೆ ಅದು ಹೊಳೆಯಲಿಲ್ಲ. ಮೀನನ್ನು ಅದೇ ನೀರಿನ ಬಕೆಟ್ಟಿಗೆ ತೆಗೆದು, ನಾವು ತಂದ ಉಪ್ಪುನೀರನ್ನು ಬಕೆಟ್ಟಿಗೂ ತೊಟ್ಟಿಗೂ ಹನಿಹನಿಯಾಗಿ ಬಿಡುತ್ತಾ ಕೂತೆವು. ಆಗ ಯಜಮಾನರು ಇನ್ನೊಂದು ಕೆಲಸ ಮಾಡಿದರು. ತೊಟ್ಟಿಯ ಕಲ್ಲುಗಳನ್ನೆಲ್ಲ ಹೊರಗೆ ತೆಗೆದು ಬೇರೆ ರೀತಿ ಜೋಡಿಸಿದರು. ಎಡಕ್ಕಿದ್ದದ್ದು ಬಲಕ್ಕೆ, ಗುಡ್ಡವಿದ್ದ ಕಡೆ ಬಯಲು. ಜೋಯಿಸರು ಯಾಕೆಂದು ಕೇಳಿದರು.

“ಎರಡೂ ಒಳ್ಳೆ ಮೀನೇ ಸ್ವಾಮಿ. ಮೊದ್ಲು ಬಂದವ್ನು ಎಲ್ಲಾ ಮೂಲೇನೂ ಇಡ್ಕಂಡವ್ನೆ. ಆಮ್ಯಾಲೆ ಬಂದವ್ಕೆ ನಿಲ್ಲಕ್ಕೆ ಜಾಗ ಎಲ್ಲದೆ? ಈಗ ಅವನ ಮನೇನೇ ಇಲ್ಲ. ಹೊಸಬ್ರನ್ನ ಮೊದ್ಲು ಬುಡ್ತೀನಿ, ಅವನು ಕೊನೇಗೆ ಬರ್ಲಿ. ಎಲ್ಲಾರ್ಗೂ ಹೊಸ ಮನೆ.”

ಕ್ಲೌನ್‌ಗಳನ್ನು ಬಿಟ್ಟು ಎರಡು ಗಂಟೆಯ ಮೇಲೆ ಡ್ಯಾಮ್ಸೆಲ್ ಬಿಟ್ಟೆವು. ಅದು ತನ್ನ ಹಳೆಯ ಸಂದು ಹುಡುಕಿ ಸುತ್ತಿತು, ಸಿಗಲಿಲ್ಲ, ಒಂದು ಕಲ್ಲಿನ ಹಿಂದೆ ತೆಪ್ಪಗೆ ನಿಂತಿತು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಮತ್ತೆ ಹೋದಾಗ ಚಿಕ್ಕ ಕ್ಲೌನ್ ಸತ್ತಿತ್ತು. ಸುಮಿತ್ರ ಅದನ್ನು ಒಂದು ಎಲೆಯ ಮೇಲೆ ಇಟ್ಟಿದ್ದಳು. ಅಜ್ಜಿ ‘ನನ್ನಿಂದ ಆಯ್ತು’ ಅಂದರು.

“ನೀರಿಂದ ಅಲ್ಲ ಅಜ್ಜಿ. ಅದು ಮೊದಲೇ ಸೋತಿತ್ತು. ಒಂದೂವರೆ ತಿಂಗಳು ಒಂದು ಪೈಪು ಹಿಡಿದು ನಿಂತಿತ್ತು” ಎಂದಳು ಸುಮಿತ್ರ.

ಜೋಯಿಸರು ಪಂಚಾಂಗ ಮುಂದಿಟ್ಟುಕೊಂಡು ಕೂತಿದ್ದವರು ತಲೆ ಎತ್ತಿ ಮಗಳನ್ನೇ ನೋಡಿದರು. ಒಂದೂವರೆ ತಿಂಗಳು ಆ ಮೀನಿಗೆ ‘ಒಂದ್ಕತವೆ’ ಅಂದವನು ನಾನು. ಅದರ ಸಾವು ಅಜ್ಜಿಯದಲ್ಲ, ನನ್ನದು. ಅಲ್ಲೇ ಬಾಯಿಬಿಟ್ಟು ಹಾಗೆಂದೆ.

ಹತ್ತು ಗಂಟೆಗೆ ಚನ್ನರಾಯಪಟ್ಟಣದವರು ಬಂದರು. ಅಳಿಯ ಮುರಳಿ ಮೃದು ಮನುಷ್ಯ, ಮೇಷ್ಟ್ರು. ತಾಯಿಯ ಹಿಂದೆ ನಿಂತುಕೊಂಡ. ಸುಮಿತ್ರ ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಬಿಟ್ಟು ಕಲ್ಲೊಂದನ್ನು ನಿಲ್ಲಿಸುತ್ತಿದ್ದಳು. ನಾನು ಹೊರಗೆ ಹೋಗಲು ಎದ್ದರೆ ಜೋಯಿಸರು ‘ಕೂತ್ಕೊಳಯ್ಯಾ’ ಅಂದರು.

“ಜಾತಕ ನೋಡಿದ್ದು ನೀವೇ. ಎಲ್ಲಾ ಕೂಡಿದೆ ಅಂದಿದ್ದೂ ನೀವೇ. ನಮ್ಮನೇಲಿ ಅವಳಿಗೆ ಯಾರು ಏನಂದ್ರು ಅಂತ ಕೇಳಿ ನೋಡಿ” ಎಂದರು ಮುರಳಿಯ ತಾಯಿ.

“ಯಾರೂ ಏನೂ ಅಂದಿಲ್ಲಮ್ಮ, ಗೊತ್ತು” ಎಂದರು ಜೋಯಿಸರು. “ಜಾತಕದಲ್ಲೂ ತಪ್ಪಿಲ್ಲ. ನಾನು ಎರಡು ಜಾತಕ ನೋಡಿದೆ, ಆ ಹುಡುಗಿ ಕಾಲಿಡೋ ಮನೇನ ನೋಡಲಿಲ್ಲ. ಅವಳಿಗೊಂದು ಮೂಲೆ ಇದೆಯಾ ಅಂತ ಕೇಳಲಿಲ್ಲ. ಹೋಗು ಹೋಗು ಅಂತ ದಿನಾ ಹೇಳಿದೆ. ತಪ್ಪು ನನ್ನದು, ಅವಳದ್ದಲ್ಲ.”

ಸುಮಿತ್ರ ಕೈ ಹೊರಗೆ ತೆಗೆಯಲಿಲ್ಲ, ತಿರುಗಿಯೂ ನೋಡಲಿಲ್ಲ. ಬೆನ್ನು ಮಾತ್ರ ಅಲುಗುತ್ತಿತ್ತು. ಮುರಳಿ ತಾಯಿಯ ಹಿಂದಿನಿಂದ ಬಂದು ತೊಟ್ಟಿಯ ಪಕ್ಕ ನಿಂತ.

“ನಿನ್ನ ಟ್ರಂಕು ನಾನು ನೋಡ್ತಾನೇ ಇದ್ದೆ ಸುಮಿ” ಅಂದ. “ಹೇಳೋಕೆ ಧೈರ್ಯ ಬರಲಿಲ್ಲ.”

“ಉಪ್ಪು ಸರಿಯಾಗೋಕೆ ಇನ್ನೂ ನಾಲ್ಕು ದಿನ ಬೇಕು” ಎಂದಳು ಆಕೆ, ನೀರಿನ ಕಡೆ ನೋಡುತ್ತಲೇ. “ಅಷ್ಟರಲ್ಲಿ ಒಂದು ಮನೆ ನೋಡಿ. ಬಾಡಿಗೆದಾದರೂ ಸರಿ, ಒಂದೇ ಕೋಣೆಯಾದರೂ ಸರಿ. ಸಿಕ್ಕರೆ ಬನ್ನಿ.”

ತಾಯಿ ಎದ್ದು ಹೊರಟರು. ಮುರಳಿಯೂ ಅವರ ಹಿಂದೆ ಹೋದ. ಬರುತ್ತಾನೋ ಇಲ್ಲವೋ ನಮಗೆ ಯಾರಿಗೂ ಗೊತ್ತಿರಲಿಲ್ಲ. ಆ ನಾಲ್ಕು ದಿನ ನಾನು ದಿನಾ ಹೋದೆ. ಕಡ್ಡಿ ಒಂದೊಂದೇ ಗೆರೆ ಮೇಲೆ ಬಂತು. ಜೋಯಿಸರು ಆ ದಿನಗಳಲ್ಲಿ ಯಾರ ಜಾತಕವನ್ನೂ ತೆಗೆದುಕೊಳ್ಳಲಿಲ್ಲ, ಬೀದಿಯ ಕಡೆ ನೋಡುತ್ತಾ ಕೂರುತ್ತಿದ್ದರು.

ಕೊನೆಯ ದಿನ ಕಡ್ಡಿ ಇಪ್ಪತ್ತನಾಲ್ಕಕ್ಕೆ ನಿಂತು, ನಾನು ಪೈಪು ಸುತ್ತುತ್ತಿದ್ದಾಗ ಮುರಳಿ ಒಬ್ಬನೇ ಬಂದ. ಬೆವತಿದ್ದ. ಜೇಬಿನಿಂದ ಬೀಗದ ಕೈ ತೆಗೆದು ಸುಮಿತ್ರಳಿಗೆ ಕೊಟ್ಟ. “ಬಸ್ ಸ್ಟ್ಯಾಂಡ್ ಹಿಂದೆ. ಒಂದು ಕೋಣೆ, ಒಂದು ಅಡುಗೆಮನೆ. ಒಳಗೆ ಏನೂ ಇಟ್ಟಿಲ್ಲ. ನೀನು ಬಂದು ಇಡು” ಅಂದ. ಆಕೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, “ಇವತ್ತೇ ಹೊರಡ್ತೀನಿ ಅಪ್ಪ” ಎಂದಳು.

ಅಜ್ಜಿ ಬಾಗಿಲ ಬಳಿ ಬಂದರು. ಮಗಳನ್ನು ಮಂಗಳವಾರ, ಶುಕ್ರವಾರ ತೌರಿನಿಂದ ಕಳಿಸುವ ಪದ್ಧತಿ ನಮ್ಮಲ್ಲಿ ಯಾರ ಮನೆಯಲ್ಲೂ ಇಲ್ಲ, ಜೋಯಿಸರ ಮನೆಯಲ್ಲಂತೂ ಕೇಳಲೇಬೇಡಿ.

“ಇವತ್ತು ಮಂಗಳವಾರ ಕಣೋ” ಎಂದರು ಅಜ್ಜಿ.

“ಗೊತ್ತು” ಅಂದರು ಜೋಯಿಸರು. “ಎಲೆ ಹಾಕಮ್ಮ. ಊಟ ಮಾಡ್ಕೊಂಡು ಹೊರಡಲಿ.”